ಓದಲು ಕುಳಿತವರು ಏಳದಂಥ ಮೂಲೆ: ಮನೆಯೊಳಗೆ ಅದನ್ನು ಅಣಿಗೊಳಿಸುವ ಬಗೆ

ಓದಿಗೆಂದೇ ಮನೆಯಲ್ಲಿ ಒಂದು ಮೂಲೆಯನ್ನು ಸಜ್ಜುಗೊಳಿಸಿ, ಅಲ್ಲಿ ಕೂರದೆ ಹಾಸಿಗೆಯ ಮೇಲೆ ಒರಗಿಕೊಂಡೋ ಊಟದ ಮೇಜಿನ ತುದಿಯಲ್ಲಿ ಕುಳಿತೋ ಓದುವವರು ಬಹಳ ಮಂದಿ. ಕೆಲವು ವರ್ಷ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಕಿಟಕಿಯ ಪಕ್ಕದಲ್ಲಿ ತಗ್ಗಾದ ಒಂದು ಆಸನ, ಅದರ ಮೇಲೆ ನಾಲ್ಕು ಬಣ್ಣದ ದಿಂಬು, ನೆತ್ತಿಯ ಹಿಂದೆ ಪುಟ್ಟದೊಂದು ತೂಗುದೀಪ. ನೋಡಿದವರೆಲ್ಲ ಮೆಚ್ಚಿದ ಆ ಮೂಲೆಯಲ್ಲಿ ಇಪ್ಪತ್ತು ನಿಮಿಷ ಕೂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಸಂಜೆಯಾದರೆ ನನ್ನ ತಲೆಯ ನೆರಳೇ ಪುಟದ ಮೇಲೆ ಬಂದು ಕೂರುತ್ತಿತ್ತು. ಕಡೆಗೆ ಅದು ಒಗೆದ ಬಟ್ಟೆಗಳನ್ನು ಮಡಿಸುವವರೆಗೆ ರಾಶಿ ಹಾಕುವ ಜಾಗವಾಯಿತು.

ಆ ಮೂಲೆಯನ್ನು ನಾನು ಕಟ್ಟಿದ್ದು ನೋಡುವವರ ಕಣ್ಣಿಗೆ, ಕೂರುವವರ ಬೆನ್ನಿಗಲ್ಲ. ಓದುವ ಜಾಗ ಹಿತವಾಗಿದೆ ಎನ್ನುವುದಕ್ಕೆ ಇರುವ ಅರ್ಥ ಒಂದೇ: ಅಲ್ಲಿ ಕುಳಿತಾಗ ನಮಗೆ ಕುತ್ತಿಗೆಯಾಗಲಿ, ಸೊಂಟವಾಗಲಿ, ಕಣ್ಣಾಗಲಿ ಇದೆ ಎಂಬುದೇ ಮರೆತುಹೋಗಬೇಕು. ಆದ್ದರಿಂದ ಈ ಲೇಖನದಲ್ಲಿ ಕೆಲಸಗಳ ಅನುಕ್ರಮ ಸಾಮಾನ್ಯವಾಗಿ ಮಾಡುವುದಕ್ಕಿಂತ ತಿರುವುಮುರುವಾಗಿದೆ. ಜಾಗ, ಆಸನ, ಬೆಳಕು ಮೊದಲು ಬರುತ್ತವೆ; ಬಣ್ಣ, ಚಿತ್ರಪಟ, ಹೂಕುಂಡಗಳು ಕಟ್ಟಕಡೆಗೆ.

ಮೊದಲ ಹೆಜ್ಜೆ: ಏನನ್ನೂ ಕೊಳ್ಳದೆ ಒಂದು ವಾರ ಗಮನಿಸುವುದು

ಅಂಗಡಿಗೆ ಹೋಗುವ ಮೊದಲು, ನೀವು ಈಗ ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಏನನ್ನು ಓದುತ್ತೀರಿ ಎಂಬುದನ್ನು ಏಳು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಎದ್ದು ಹೋದಾಗಲೆಲ್ಲ ಏಕೆ ಎದ್ದಿರಿ ಎಂಬುದನ್ನೂ ಒಂದು ಪದದಲ್ಲಿ ಗುರುತು ಮಾಡಿಕೊಳ್ಳಿ: ಬೆನ್ನುನೋವು, ಸೆಕೆ, ಕನ್ನಡಕ ಹುಡುಕಲು, ಯಾರೋ ಕರೆದರು, ದೀಪ ಸಾಲದು. ವಾರದ ಕೊನೆಗೆ ಈ ಚೀಟಿಯೇ ನಿಮ್ಮ ಮೂಲೆಯ ನಕ್ಷೆಯಾಗುತ್ತದೆ.

ಏಕೆಂದರೆ ಓದು ಎಂದರೆ ಒಂದೇ ಬಗೆಯ ಕೆಲಸವಲ್ಲ. ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ ಕಾದಂಬರಿ ಓದುವವರಿಗೆ ಒರಗು ಕುರ್ಚಿ ಮತ್ತು ಹಳದಿ ಛಾಯೆಯ ದೀಪ ಸಾಕು. ಪೆನ್ಸಿಲು ಹಿಡಿದು ಗೆರೆ ಎಳೆಯುತ್ತ, ಟಿಪ್ಪಣಿ ಬರೆಯುತ್ತ ಎರಡು ಗಂಟೆ ಕೂರುವವರಿಗೆ ನೆಟ್ಟಗಿನ ಆಸನವೂ ಬರೆಯಲು ಆಧಾರವೂ ಬೇಕು. ದೊಡ್ಡ ಅಳತೆಯ ಚಿತ್ರಪುಸ್ತಕಗಳನ್ನು ನೋಡುವವರಿಗೆ ತೊಡೆ ಸಾಲದು. ಬೆಳಿಗ್ಗೆ ಓದುವವರಿಗೆ ಕಿಟಕಿ ಮುಖ್ಯ, ರಾತ್ರಿ ಓದುವವರಿಗೆ ಅದೇ ಕಿಟಕಿ ಬರಿಯ ಕಪ್ಪು ಗಾಜು. ನಿಮ್ಮ ಚೀಟಿಯಲ್ಲಿ ಹೆಚ್ಚು ಸಲ ಬಂದ ಓದಿಗೆ ತಕ್ಕಂತೆ ಮೂಲೆಯನ್ನು ಕಟ್ಟಿ; ಎಲ್ಲ ಬಗೆಯ ಓದಿಗೂ ಒಂದೇ ಜಾಗ ಒದಗಲಿ ಎಂದು ಹೊರಟರೆ ಯಾವುದಕ್ಕೂ ಒದಗದ ಜಾಗವೊಂದು ಸಿದ್ಧವಾಗುತ್ತದೆ.

ಎರಡನೆಯ ಹೆಜ್ಜೆ: ಜಾಗವನ್ನು ಗೊತ್ತುಮಾಡುವುದು

ಇದಕ್ಕೆ ಪ್ರತ್ಯೇಕ ಕೋಣೆ ಬೇಕಿಲ್ಲ. ಸುಮಾರು ಒಂದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಜಾಗ ಒಬ್ಬರಿಗೆ ಧಾರಾಳವಾಗುತ್ತದೆ. ಮೈತುಂಬ ಕೂರುವ ಕುರ್ಚಿ 75ರಿಂದ 85 ಸೆಂ.ಮೀ. ಅಗಲ ಬೇಡುತ್ತದೆ, ಅದರ ಪಕ್ಕಕ್ಕೆ ಪುಟ್ಟ ಮೇಜಿಗೆ ಮತ್ತೆ 40 ಸೆಂ.ಮೀ.; ಕುರ್ಚಿಯ ಬೆನ್ನಿನಿಂದ ಚಾಚಿದ ಕಾಲಿನ ತುದಿಯವರೆಗೆ ಸುಮಾರು 150 ಸೆಂ.ಮೀ. ಹಳೆಯ ಪತ್ರಿಕೆಗಳನ್ನು ಇದೇ ಅಳತೆಗೆ ನೆಲದ ಮೇಲೆ ಹಾಸಿ ಎರಡು ದಿನ ಹಾಗೆಯೇ ಬಿಡಿ. ಮನೆಮಂದಿ ಆ ಕಾಗದವನ್ನು ಪದೇ ಪದೇ ತುಳಿದುಕೊಂಡು ಓಡಾಡುತ್ತಿದ್ದರೆ ಅದು ದಾರಿ, ಓದುವ ಜಾಗವಲ್ಲ ಎಂದು ತಿಳಿಯಬಹುದು.

ಬೆನ್ನಿಗೆ ಗೋಡೆಯೋ ಕಪಾಟೋ ಇದ್ದರೆ ಮನಸ್ಸು ಬೇಗ ನೆಲೆಗೊಳ್ಳುತ್ತದೆ. ಹಿಂದಿನಿಂದ ಯಾರಾದರೂ ಬರುವ ಜಾಗದಲ್ಲಿ ಕುಳಿತವರ ಕಿವಿ ಪುಸ್ತಕಕ್ಕಿಂತ ಹೆಚ್ಚಾಗಿ ಹೆಜ್ಜೆಯ ಸಪ್ಪಳಕ್ಕೇ ತೆರೆದಿರುತ್ತದೆ. ಟಿ.ವಿ. ಎದುರಿಗೆ ಕಾಣುವ ಜಾಗವಂತೂ ಬೇಡ. ಟಿ.ವಿ. ಆಫ್ ಆಗಿದ್ದರೂ ಆ ಕಪ್ಪು ಪರದೆ ಕರೆಯುತ್ತಲೇ ಇರುತ್ತದೆ. ಹಜಾರದ ತುದಿ, ಬೀರುವಿನ ಪಕ್ಕ ಉಳಿದ ಸಂದು, ಮಾಳಿಗೆಯ ಮೆಟ್ಟಿಲು ತಿರುಗುವಲ್ಲಿನ ಅಗಲವಾದ ಜಾಗ ಇವೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯದ, ಆದರೆ ಒಳ್ಳೆಯ ಓದಿನ ಮೂಲೆಗಳಾಗಬಲ್ಲ ಜಾಗಗಳು. ಮೆಟ್ಟಿಲ ಕೆಳಗಿನ ಜಾಗವನ್ನು ಆರಿಸುವುದಾದರೆ ಕುಳಿತಾಗ ತಲೆ ತಾಗುವುದಿಲ್ಲ ಎಂಬುದನ್ನಷ್ಟೇ ನೋಡಿದರೆ ಸಾಲದು, ಏಳುವಾಗ ತಲೆ ಮುಂದಕ್ಕೆ ಬಂದು ಮೇಲೇರುವ ದಾರಿಯಲ್ಲಿಯೂ ಏನೂ ಅಡ್ಡವಿಲ್ಲ ಎಂಬುದನ್ನು ಎರಡು ಮೂರು ಸಲ ಎದ್ದು ಕೂತು ನೋಡಬೇಕು.

ಕಿಟಕಿಯ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕಿಟಕಿ ಎದುರಿಗಿದ್ದರೆ ಹೊರಗಿನ ಪ್ರಖರ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಿ, ಮಡಿಲಿನ ಪುಟ ಇದ್ದುದಕ್ಕಿಂತ ಮಬ್ಬಾಗಿ ಕಾಣುತ್ತದೆ. ಕಿಟಕಿ ನೇರವಾಗಿ ಬೆನ್ನಿಗಿದ್ದರೆ ನಮ್ಮ ಮೈಯೇ ಬೆಳಕಿಗೆ ಅಡ್ಡ. ಆದ್ದರಿಂದ ಕಿಟಕಿ ಪಕ್ಕಕ್ಕಿರಬೇಕು, ಇಲ್ಲವೇ ಭುಜದ ಓರೆಗೆ ಸ್ವಲ್ಪ ಹಿಂದಕ್ಕಿರಬೇಕು. ನೇರ ಬಿಸಿಲು ಪುಟದ ಮೇಲೆ ಬೀಳಕೂಡದು: ಓದಲು ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕಾದರೆ, ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಇರುತ್ತದೆ, ಅದರಲ್ಲಿ ಬಿಳಿಯ ಕಾಗದ ಕಣ್ಣು ಕೋರೈಸುತ್ತದೆ. ಭೂಮಿಯ ಉತ್ತರಾರ್ಧದಲ್ಲಿರುವವರಿಗೆ ಉತ್ತರದ ಕಿಟಕಿ, ದಕ್ಷಿಣಾರ್ಧದಲ್ಲಿರುವವರಿಗೆ ದಕ್ಷಿಣದ ಕಿಟಕಿ ದಿನದ ಹೆಚ್ಚು ಹೊತ್ತು ಏರಿಳಿತವಿಲ್ಲದ ತಂಪು ಬೆಳಕನ್ನು ಕೊಡುತ್ತದೆ. ಬೇರೆ ದಿಕ್ಕಿನ ಕಿಟಕಿಯೇ ಗತಿಯಾದರೆ ತೆಳುವಾದ ಬಿಳಿ ಪರದೆಯೊಂದನ್ನು ಇಳಿಬಿಟ್ಟರೆ ಬಿಸಿಲು ಚದುರಿ ಹದವಾದ ಬೆಳಕಾಗುತ್ತದೆ.

ಕಿಟಕಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಹತ್ತಿರದ ಅಕ್ಷರವನ್ನೇ ದಿಟ್ಟಿಸುವಾಗ ಕಣ್ಣೊಳಗಿನ ಸ್ನಾಯು ಬಿಗಿದೇ ಇರುತ್ತದೆ, ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ, ಎಂದರೆ ಸುಮಾರು 6 ಮೀಟರ್ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು ಎಂದು ಕಣ್ಣಿನ ವೈದ್ಯರು ಹೇಳುವುದು ಇದಕ್ಕಾಗಿಯೇ. ತಲೆಯೆತ್ತಿದರೆ ಮರವೋ ಆಕಾಶವೋ ಎದುರುಮನೆಯ ಮಾಡೋ ಕಾಣುವಂತಿದ್ದರೆ ಈ ವಿಶ್ರಾಂತಿ ತಾನಾಗಿ ಸಿಗುತ್ತದೆ. ಕಿಟಕಿಯೇ ಇಲ್ಲದ ಮೂಲೆಯಾದರೆ ಗೋಡೆಗೆ ಮುಖ ಮಾಡದೆ, ಕೋಣೆಯ ಅತಿ ಉದ್ದದ ಕಡೆಗೆ ಮುಖ ಮಾಡಿ ಕುರ್ಚಿ ಇಡಿ.

ಮೂರನೆಯ ಹೆಜ್ಜೆ: ಆಸನ

ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ಇಲ್ಲಿಗೆ ಮೀಸಲಿಡಿ. ಹೊಸದನ್ನೇ ಕೊಳ್ಳಬೇಕೆಂದಿಲ್ಲ, ಚೌಕಟ್ಟು ಗಟ್ಟಿಯಾಗಿರುವ ಹಳೆಯ ಕುರ್ಚಿಯೊಂದರ ಮೆತ್ತೆಯನ್ನು ಬದಲಿಸಿದರೆ ಅದು ಅನೇಕ ಹೊಸ ಕುರ್ಚಿಗಳಿಗಿಂತ ಮೇಲಾಗುತ್ತದೆ. ಆದರೆ ಹೊಸದಿರಲಿ ಹಳೆಯದಿರಲಿ, ಅಳತೆಪಟ್ಟಿಯಿಲ್ಲದೆ ಕುರ್ಚಿ ಆರಿಸಬೇಡಿ.

ಕುಳಿತಾಗ ಮೆತ್ತೆ ಒತ್ತಿಕೊಂಡ ಮೇಲೆ ಆಸನದ ಎತ್ತರ ನೆಲದಿಂದ 40ರಿಂದ 45 ಸೆಂ.ಮೀ. ಇದ್ದರೆ ಬಹುಪಾಲು ಜನರ ಪಾದ ನೆಲಕ್ಕೆ ಪೂರ್ತಿ ಊರುತ್ತದೆ. ಆಸನದ ಆಳ 45ರಿಂದ 50 ಸೆಂ.ಮೀ. ಇರಲಿ. ಬೆನ್ನನ್ನು ಹಿಂದಕ್ಕೆ ಪೂರ್ತಿ ಒರಗಿಸಿ ಕುಳಿತು, ಮಂಡಿಯ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ತೂರುತ್ತವೆಯೇ ನೋಡಿ. ತೂರದಿದ್ದರೆ ಆಸನ ನಿಮಗೆ ಆಳ ಹೆಚ್ಚಾಯಿತು. ಸ್ವಲ್ಪ ಹೊತ್ತಿನಲ್ಲಿ ನೀವು ಮುಂದಕ್ಕೆ ಜಾರಿ, ಬೆನ್ನು ಬಿಲ್ಲಿನಂತೆ ಬಾಗಿ, ಸೊಂಟದ ಹಿಂದೆ ಏನೂ ಆಸರೆಯಿಲ್ಲದೆ ಕುಳಿತಿರುತ್ತೀರಿ. ಹರಟೆಗೆ ಹಿತವಾದ ದೊಡ್ಡ ಸೋಫಾಗಳು ಓದಿಗೆ ಒಗ್ಗದಿರುವುದು ಈ ಆಳದಿಂದಾಗಿಯೇ. ಅಂಥ ಸೋಫಾವೇ ಇದ್ದರೆ ಬೆನ್ನ ಹಿಂದೆ ಗಟ್ಟಿಯಾದ ಚೌಕ ದಿಂಬೊಂದನ್ನು ನಿಲ್ಲಿಸಿ ಆಳವನ್ನು ಕಡಿಮೆ ಮಾಡಿಕೊಳ್ಳಬಹುದು.

ಬೆನ್ನು ಒರಗುವ ಭಾಗ ನೆಟ್ಟಗೆ 90 ಡಿಗ್ರಿ ನಿಂತಿರಬಾರದು. 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ವಾಲಿದ್ದರೆ ಬೆನ್ನೆಲುಬಿನ ಮೇಲಿನ ಭಾರದ ಒಂದು ಪಾಲನ್ನು ಕುರ್ಚಿ ಹೊರುತ್ತದೆ. ಸೊಂಟದ ಒಳಬಾಗಿಗೆ ಆಸರೆ ಇಲ್ಲದಿದ್ದರೆ ಒಂದು ಟವೆಲನ್ನು ಸುರುಳಿ ಸುತ್ತಿ ಅಲ್ಲಿ ಇಟ್ಟುಕೊಳ್ಳಿ; ಅದು ಹಿತವೆನಿಸಿದರೆ ಅದೇ ಗಾತ್ರದ ಒಂದು ಉರುಳೆದಿಂಬನ್ನು ಹೊಲಿಸಿಕೊಳ್ಳಬಹುದು. ತಲೆಗೂ ಆಸರೆ ಬೇಕು. ವಯಸ್ಕರ ತಲೆ 4.5ರಿಂದ 5 ಕಿಲೋ ತೂಗುತ್ತದೆ, ಅದು ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಅದನ್ನು ಎಳೆದು ಹಿಡಿಯಲು ಹೆಚ್ಚು ದುಡಿಯಬೇಕಾಗುತ್ತದೆ. ಓದಿದ ಮರುದಿನ ಬರುವ ಕುತ್ತಿಗೆನೋವಿಗೆ ಹಲವು ಸಲ ಕಾರಣ ದಿಂಬಲ್ಲ, ಮಡಿಲಿನಲ್ಲಿ ಬಿದ್ದಿದ್ದ ಪುಸ್ತಕ.

ಆದುದರಿಂದ ತಲೆಯನ್ನು ಪುಸ್ತಕದತ್ತ ಇಳಿಸುವ ಬದಲು ಪುಸ್ತಕವನ್ನು ತಲೆಯತ್ತ ಏರಿಸುವ ಏರ್ಪಾಡು ಮಾಡಿಕೊಳ್ಳಬೇಕು. ಕುರ್ಚಿಯ ಕೈಗಳು ಒತ್ತಿಕೊಂಡ ಮೆತ್ತೆಯಿಂದ 20ರಿಂದ 25 ಸೆಂ.ಮೀ. ಎತ್ತರದಲ್ಲಿದ್ದರೆ ಮೊಣಕೈಗಳು ಅಲ್ಲಿ ತಂಗುತ್ತವೆ, ಭುಜ ಮೇಲೇರುವುದಿಲ್ಲ, ಪುಸ್ತಕ ಎದೆಯ ಮಟ್ಟಕ್ಕೆ ಬರುತ್ತದೆ. ಕೈಗಳಿಲ್ಲದ ಕುರ್ಚಿಯಾದರೆ ತೊಡೆಯ ಮೇಲೆ ದಪ್ಪನೆಯ ದಿಂಬೊಂದನ್ನು ಇಟ್ಟು ಅದರ ಮೇಲೆ ಪುಸ್ತಕ ಊರಿಕೊಳ್ಳಿ. ಕಣ್ಣಿಗೂ ಪುಟಕ್ಕೂ 35ರಿಂದ 40 ಸೆಂ.ಮೀ. ಅಂತರವಿರಬೇಕು, ಮೊಣಕೈಯಿಂದ ಮಡಿಸಿದ ಬೆರಳ ಗೆಣ್ಣಿನವರೆಗಿನ ಉದ್ದ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ, ಮುಷ್ಟಿಯನ್ನು ಗಲ್ಲಕ್ಕೆ ತಾಗಿಸಿ ಮೊಣಕೈ ಪುಸ್ತಕಕ್ಕೆ ತಾಗುತ್ತದೆಯೇ ಎಂದು ನೋಡಿದರೆ ಅಳತೆಪಟ್ಟಿಯೇ ಬೇಡ. ಒಂದು ಕಿಲೋಗಿಂತ ಭಾರವಾದ ಪುಸ್ತಕಗಳನ್ನು ಕೈಯಲ್ಲಿ ಹಿಡಿಯುವ ಹಟ ಬೇಡ, ಅವಕ್ಕೆ ಓರೆಯಾದ ಪುಸ್ತಕಪೀಠವನ್ನು ಬಳಸುವುದೇ ಸರಿ.

ಮೆತ್ತೆಯ ಗುಣವನ್ನು ಮುಷ್ಟಿಯಿಂದ ಒತ್ತಿ ನೋಡಿ ತಿಳಿಯಬಹುದು: ಒತ್ತಿದಾಗ ಒಳಗಿನ ಹಲಗೆ ಕೈಗೆ ತಾಗಬಾರದು, ಕೈ ತೆಗೆದ ಕೂಡಲೇ ಗುಳಿ ತುಂಬಿಕೊಳ್ಳಬೇಕು. ಅಂಗಡಿಯಲ್ಲಿ ಒಂದು ನಿಮಿಷ ಕುಳಿತು ಎದ್ದು ಬರುವುದು ಪರೀಕ್ಷೆಯೇ ಅಲ್ಲ. ಪುಸ್ತಕವೊಂದನ್ನು ಜೊತೆಗೆ ಒಯ್ದು ಹದಿನೈದು ನಿಮಿಷ ನಿಜವಾಗಿಯೂ ಓದಿ. ಅಂಗಡಿಯವರು ಹುಬ್ಬೇರಿಸಿದರೆ ಏರಿಸಲಿ. ಮೊದಲ ಐದು ನಿಮಿಷದಲ್ಲಿ ಎಲ್ಲ ಕುರ್ಚಿಯೂ ಚೆನ್ನಾಗಿಯೇ ಇರುತ್ತದೆ.

ಪಾದಗಳಿಗೆ ಆಸನಕ್ಕಿಂತ ತುಸು ತಗ್ಗಾದ ಕಾಲ್ಮಣೆಯೊಂದಿದ್ದರೆ ಸೊಂಟದ ಮೇಲಿನ ಎಳೆತ ಇಳಿಯುತ್ತದೆ. ಮಂಡಿ ಪೂರ್ತಿ ನೆಟ್ಟಗಾಗದೆ ಸ್ವಲ್ಪ ಮಡಿದೇ ಇರಲಿ. ಇನ್ನು ನೆಲದ ಮೇಲೆಯೇ ಕುಳಿತು ಓದಲು ಇಷ್ಟಪಡುವವರು ಪೃಷ್ಠದ ಕೆಳಗೆ ಎಂಟು ಹತ್ತು ಸೆಂ.ಮೀ. ದಪ್ಪದ ಗಟ್ಟಿ ಮೆತ್ತೆ ಹಾಕಿಕೊಂಡರೆ ಮಂಡಿಗಳು ಸೊಂಟಕ್ಕಿಂತ ಕೆಳಗಿಳಿದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಗೋಡೆಗೆ ಬರಿಬೆನ್ನು ಒರಗಿಸಬೇಡಿ, ನಡುವೆ ದಿಂಬಿರಲಿ. ಹಾಸಿಗೆಯಲ್ಲಿ ಓದುವವರಿಗೆ ಒಂದರ ಮೇಲೊಂದು ಪೇರಿಸಿದ ಮೃದು ದಿಂಬುಗಳಿಗಿಂತ ಇಳಿಜಾರಾಗಿರುವ ಒಂದೇ ಗಟ್ಟಿ ಒರಗುದಿಂಬು ಮೇಲು, ಏಕೆಂದರೆ ಪೇರಿಸಿದ ದಿಂಬುಗಳು ಜಾರಿ ಕಡೆಗೆ ಕುತ್ತಿಗೆಯೊಂದನ್ನೇ ಎತ್ತಿಹಿಡಿಯುತ್ತವೆ.

ನಾಲ್ಕನೆಯ ಹೆಜ್ಜೆ: ದೀಪ

ಕೋಣೆಯ ನಡುವೆ ಚಾವಣಿಯಲ್ಲಿರುವ ಒಂದೇ ದೀಪದಲ್ಲಿ ಓದುವುದು ಹೆಚ್ಚಿನ ಮನೆಗಳ ಅಭ್ಯಾಸ. ಅದರಿಂದ ಕಣ್ಣು ಹಾಳಾಗುತ್ತದೆ ಎಂದು ಹಿರಿಯರು ಗದರುವುದುಂಟು. ಮಂದ ಬೆಳಕಿನ ಓದು ಕಣ್ಣಿಗೆ ಶಾಶ್ವತ ಹಾನಿ ಮಾಡುವುದಿಲ್ಲ, ಆದರೆ ಕಣ್ಣು ಬೇಗ ದಣಿಯುತ್ತದೆ, ತಲೆ ಭಾರವಾಗುತ್ತದೆ, ಓದು ನಿಲ್ಲುತ್ತದೆ. ನಮಗೆ ಅಷ್ಟು ನಷ್ಟವೇ ಸಾಕು.

ಇಲ್ಲಿ ತಿಳಿದಿರಬೇಕಾದ ಒಂದು ಸರಳ ಲೆಕ್ಕವಿದೆ. ಸಣ್ಣ ದೀಪವೊಂದರಿಂದ ಪುಟಕ್ಕೆ ಬೀಳುವ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ. ಹಳೆಯ 60 ವಾಟ್ ಬಲ್ಬಿನಷ್ಟು, ಎಂದರೆ ಸುಮಾರು 800 ಲೂಮೆನ್ (ಬಲ್ಬು ಒಟ್ಟು ಹೊರಸೂಸುವ ಬೆಳಕಿನ ಅಳತೆ) ಬೆಳಕು ಕೊಡುವ ಎಲ್‌ಇಡಿ ಬಲ್ಬನ್ನು ಶೇಡ್ ಇಲ್ಲದೆ ಉರಿಸಿದರೆ 1 ಮೀಟರ್ ದೂರದಲ್ಲಿ 60 ಲಕ್ಸ್ ಆಸುಪಾಸು ಸಿಗುತ್ತದೆ. ಅದನ್ನೇ ಅರ್ಧ ಮೀಟರಿಗೆ ತಂದರೆ 250ರ ಆಸುಪಾಸಿಗೆ ಏರುತ್ತದೆ. ಒಳಮೈ ಬಿಳಿಯಾಗಿರುವ ಶೇಡ್ ಹಾಕಿ ಬೆಳಕನ್ನು ಕೆಳಕ್ಕೆ ತಿರುಗಿಸಿದರೆ ನಮಗೆ ಬೇಕಾದ 300ರಿಂದ 500 ಲಕ್ಸ್ ದಕ್ಕುತ್ತದೆ. ಆದ್ದರಿಂದ ಹೆಚ್ಚು ವಾಟ್‌ನ ಬಲ್ಬಿಗಿಂತ ಹತ್ತಿರ ತರಬಲ್ಲ, ಬಾಗಿಸಬಲ್ಲ ದೀಪಸ್ತಂಭ ಒಳ್ಳೆಯ ಆಯ್ಕೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳಿವೆ. ಅವು ಕರಾರುವಾಕ್ಕಾಗಿ ಹೇಳದಿದ್ದರೂ 60 ಯಾವುದು 400 ಯಾವುದು ಎಂಬ ಅಂದಾಜನ್ನು ಕೊಡುತ್ತವೆ.

ದೀಪ ಭುಜದ ಪಕ್ಕಕ್ಕೆ, ತುಸು ಹಿಂದಕ್ಕಿರಲಿ. ಓದುತ್ತ ಬರೆಯುವ ರೂಢಿಯಿದ್ದರೆ ಬರೆಯುವ ಕೈಯ ಎದುರು ಬದಿಗೆ ಇಡಬೇಕು, ಬಲಗೈಯವರಿಗೆ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ. ಇಲ್ಲವಾದರೆ ಕೈಯ ನೆರಳು ಸಾಲಿನ ಮೇಲೆಯೇ ಬೀಳುತ್ತದೆ. ಶೇಡಿನ ಕೆಳಂಚು ಕುಳಿತವರ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು 100ರಿಂದ 110 ಸೆಂ.ಮೀ. ಎತ್ತರಕ್ಕೆ ಬಂದರೆ ಬಲ್ಬು ಕಣ್ಣಿಗೆ ಬೀಳುವುದಿಲ್ಲ, ಬೆಳಕು ಪುಟಕ್ಕೆ ಮಾತ್ರ ಬೀಳುತ್ತದೆ. ನುಣುಪು ಕಾಗದದ ಪುಸ್ತಕದಲ್ಲಿ ಬಿಳಿಯ ಮಿಂಚು ಕಾಣಿಸಿದರೆ ದೀಪ ನಿಮ್ಮ ಎದುರು ಬದಿಯಲ್ಲಿದೆ ಎಂದರ್ಥ. ಅನುಮಾನವಿದ್ದರೆ ಪುಟದ ಮೇಲೆ ಒಂದು ಪುಟ್ಟ ಕನ್ನಡಿ ಇಟ್ಟು ನೋಡಿ. ಅದರಲ್ಲಿ ಬಲ್ಬು ಕಂಡರೆ ದೀಪವನ್ನು ಸರಿಸಬೇಕು.

ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂದು ಬರೆದಿರುವ ಅಂಕಿಯನ್ನು ಓದಿಕೊಳ್ಳಿ. 2700ರಿಂದ 3000 ಕೆಲ್ವಿನ್ ಎಂದರೆ ಹಳದಿ ಛಾಯೆಯ ಹಿತವಾದ ಬೆಳಕು. 4000 ತಟಸ್ಥ ಬಿಳಿ. 6500 ನೀಲಿ ಛಾಯೆಯ ಹಗಲಿನ ಬೆಳಕು. ನೀಲಿಯಂಶ ಹೆಚ್ಚಿರುವ ಬೆಳಕು ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ, ಹಾಗಾಗಿ ಮಲಗುವ ಮುನ್ನದ ಓದಿಗೆ 2700 ಕೆಲ್ವಿನ್ ಸರಿ. ಅದೇ ಡಬ್ಬಿಯಲ್ಲಿ ಸಿಆರ್‌ಐ ಎಂಬ ಅಂಕಿಯೂ ಇರುತ್ತದೆ. ಅದು ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ, 100 ಅದರ ಮೇಲ್ಮಿತಿ. 80 ಇದ್ದರೆ ನಡೆಯುತ್ತದೆ, ಚಿತ್ರಗಳಿರುವ ಪುಸ್ತಕಗಳನ್ನು ನೋಡುವವರು 90ಕ್ಕಿಂತ ಹೆಚ್ಚಿನದನ್ನು ಹುಡುಕಲಿ. ಕಳಪೆ ಎಲ್‌ಇಡಿಗಳು ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತವೆ. ಬೆಳಕಿನ ಕೆಳಗೆ ಪೆನ್ಸಿಲೊಂದನ್ನು ಬೇಗ ಬೇಗ ಅತ್ತಿತ್ತ ಆಡಿಸಿ. ಒಂದೇ ಮಸುಕು ಪಟ್ಟಿಯಾಗಿ ಕಾಣುವ ಬದಲು ಹಲವು ಪೆನ್ಸಿಲುಗಳು ಬಿಡಿಬಿಡಿಯಾಗಿ ಕಂಡರೆ ಆ ಬಲ್ಬನ್ನು ಬೇರೆ ಕೋಣೆಗೆ ಸಾಗಿಸುವುದು ಒಳಿತು.

ಸುತ್ತ ಗಾಢ ಕತ್ತಲು, ನಡುವೆ ಬೆಳಕಿನ ಒಂದೇ ವೃತ್ತ ಇರುವ ದೃಶ್ಯ ಚಿತ್ರಗಳಲ್ಲಿ ಬಹಳ ಚೆಂದ. ಕಣ್ಣಿಗೆ ಮಾತ್ರ ಅದು ಶಿಕ್ಷೆ, ಏಕೆಂದರೆ ಪುಟದಿಂದ ದೃಷ್ಟಿ ಎತ್ತಿದಾಗಲೆಲ್ಲ ಪಾಪೆ ಹಿಗ್ಗಬೇಕು, ಇಳಿಸಿದಾಗಲೆಲ್ಲ ಕುಗ್ಗಬೇಕು. ಕೋಣೆಯ ಹಿನ್ನೆಲೆಯ ಬೆಳಕು ಪುಟದ ಮೇಲಿನ ಬೆಳಕಿನ ಹತ್ತನೇ ಒಂದು ಪಾಲಿನಷ್ಟಾದರೂ ಇರಲಿ. ಗೋಡೆಗೆ ತಿರುಗಿಸಿದ ಸಣ್ಣ ದೀಪವೊಂದು ಅದಕ್ಕೆ ಸಾಕು.

ಹಿರಿಯರಿಗಾಗಿ ಮೂಲೆ ಕಟ್ಟುವವರು ಮೇಲಿನ ಲಕ್ಸ್ ಅಂಕಿಗಳನ್ನು ಹೆಚ್ಚಿಸಿಕೊಳ್ಳಬೇಕು. ವಯಸ್ಸಾದಂತೆ ಪಾಪೆ ಕಿರಿದಾಗಿ, ಕಣ್ಣಿನ ಮಸೂರ ಹಳದಿಗಟ್ಟುವುದರಿಂದ, ಇಪ್ಪತ್ತರ ಹರೆಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಅರವತ್ತು ವರ್ಷದವರಿಗೆ ತಲುಪುತ್ತದೆ. ಮೊಮ್ಮಕ್ಕಳಿಗೆ ಸಾಕೆನಿಸುವ ದೀಪ ಅಜ್ಜನಿಗೆ ಸಾಲದಿರುವುದು ಬರಿಯ ಗೊಣಗಾಟವಲ್ಲ. ಅವರಿಗೆ ಬೆಳಕನ್ನು ಏರಿಸಿ ಇಳಿಸಬಲ್ಲ ಡಿಮ್ಮರ್ ಇರುವ ದೀಪ ಕೊಡಿ, ಬಲ್ಬು ಡಿಮ್ಮರ್‌ಗೆ ಹೊಂದುವಂಥದ್ದೇ ಎಂಬುದನ್ನು ಡಬ್ಬಿಯ ಮೇಲೆ ನೋಡಿಕೊಳ್ಳಿ. ಪ್ರೊಗ್ರೆಸಿವ್ ಕನ್ನಡಕ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವಂಥದ್ದು) ಧರಿಸುವವರು ಗಾಜಿನ ಕೆಳಭಾಗದಿಂದ ಓದುವುದರಿಂದ, ಅವರ ಪುಸ್ತಕ ತುಸು ತಗ್ಗಿನಲ್ಲಿರಬೇಕು. ಮೇಲೆ ನಾನು ಹೇಳಿದ ಎದೆಮಟ್ಟದ ಲೆಕ್ಕ ಅವರಿಗೆ ಹೊಂದದೆ ಹೋಗಬಹುದು.

ಐದನೆಯ ಹೆಜ್ಜೆ: ಕೈಗೆಟುಕುವ ವಸ್ತುಗಳು

ಕುರ್ಚಿಯ ಕೈಯ ಎತ್ತರಕ್ಕೇ ಇರುವ ಒಂದು ಪುಟ್ಟ ಮೇಜು, ನಿಮ್ಮ ರೂಢಿಯ ಕೈಯ ಕಡೆಗೆ. ಅದರ ಮೇಲೆ ಕನ್ನಡಕ, ಪೆನ್ಸಿಲು, ಪುಟಗುರುತು, ಮುಚ್ಚಳವಿರುವ ನೀರಿನ ಬಾಟಲಿ. ಇಷ್ಟೇ. ನಿಮ್ಮ ಚೀಟಿಯಲ್ಲಿ ಏಳಲು ಕಾರಣವಾದ ವಸ್ತು ಬೇರೇನಾದರೂ ಇದ್ದರೆ ಅದನ್ನು ಸೇರಿಸಿಕೊಳ್ಳಿ. ಫೋನಿನ ಚಾರ್ಜರ್ ಮಾತ್ರ ಇಲ್ಲಿ ಬೇಡ. ಅದು ಕೋಣೆಯ ಇನ್ನೊಂದು ತುದಿಯಲ್ಲಿದ್ದರೆ ಫೋನೂ ಅಲ್ಲಿಯೇ ಇರುತ್ತದೆ.

ಆರನೆಯ ಹೆಜ್ಜೆ: ಸದ್ದು, ಗಾಳಿ, ಬಿಸುಪು

ಪೂರ್ತಿ ನಿಶ್ಶಬ್ದ ಯಾವ ಮನೆಯಲ್ಲಿಯೂ ಸಿಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಓದಿಗೆ ಅಡ್ಡಬರುವುದು ಸದ್ದಿನ ಗಾತ್ರಕ್ಕಿಂತ ಅದರೊಳಗಿನ ಮಾತು. ಫ್ಯಾನಿನ ಗುಂಯ್‌ಗುಡುವಿಕೆಯನ್ನು ಕಿವಿ ಐದು ನಿಮಿಷದಲ್ಲಿ ಮರೆಯುತ್ತದೆ, ಪಕ್ಕದ ಕೋಣೆಯ ದೂರವಾಣಿ ಸಂಭಾಷಣೆಯನ್ನು ಮರೆಯುವುದಿಲ್ಲ. ಆದ್ದರಿಂದ ಮೊದಲು ಬಾಗಿಲಿನ ಕೆಳಗಿನ ಸಂದನ್ನು ರಬ್ಬರ್ ಪಟ್ಟಿಯಿಂದಲೋ ಬಟ್ಟೆಯ ಸುರುಳಿಯಿಂದಲೋ ಮುಚ್ಚಿ, ಮಾತು ತೂರಿಬರುವ ದೊಡ್ಡ ದಾರಿ ಅದೇ. ನೆಲಕ್ಕೆ ದಪ್ಪನೆಯ ಜಮಖಾನ, ಕಿಟಕಿಗೆ ನೆರಿಗೆ ಹೆಚ್ಚಿರುವ ಪರದೆ, ಒಂದು ಗೋಡೆಗೆ ಪುಸ್ತಕಗಳು ತುಂಬಿದ ಕಪಾಟು ಇದ್ದರೆ ಕೋಣೆಯೊಳಗಿನ ಮಾರ್ದನಿ ಗಮನಾರ್ಹವಾಗಿ ತಗ್ಗುತ್ತದೆ. ಹೊರಗಿನ ಸಂಚಾರದ ಸದ್ದನ್ನು ಇವು ತಡೆಯಲಾರವು. ಅದಕ್ಕೆ ಕಿಟಕಿಯ ಗಾಜು ಮತ್ತು ಸಂದುಗಳನ್ನು ಸರಿಪಡಿಸುವುದೇ ದಾರಿ.

ಅಲುಗಾಡದೆ ಕುಳಿತಾಗ ಮೈ ಬೇಗ ತಣಿಯುತ್ತದೆ, ಮೊದಲು ತಣ್ಣಗಾಗುವುದು ಪಾದ. ಕುರ್ಚಿಯ ಬೆನ್ನಿನ ಮೇಲೆ ಹಗುರವಾದ ಹೊದಿಕೆಯೊಂದನ್ನು ಮಡಿಸಿ ಹಾಕಿಡಿ. ಸೆಕೆಯ ದಿನಗಳಲ್ಲಿ ಫ್ಯಾನಿನ ಗಾಳಿ ಎದುರಿನಿಂದ ಬಂದರೆ ಪುಟಗಳು ಮಗುಚುತ್ತವೆ, ಕಣ್ಣೂ ಒಣಗುತ್ತದೆ. ಗಾಳಿ ಕಾಲಿನ ಕಡೆಯಿಂದ ಅಥವಾ ಪಕ್ಕದಿಂದ ಬರುವಂತೆ ತಿರುಗಿಸಿಕೊಳ್ಳಿ.

ಏಳನೆಯ ಹೆಜ್ಜೆ: ಪುಸ್ತಕಗಳು

ಮನೆಯಲ್ಲಿರುವ ಎಲ್ಲ ಪುಸ್ತಕಗಳನ್ನೂ ಓದುವ ಮೂಲೆಗೆ ತಂದು ಪೇರಿಸಬೇಕು ಎಂಬ ಆಸೆ ನನಗೂ ಇತ್ತು. ಈಗ ಅಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಡುವುದಿಲ್ಲ. ಕುಳಿತಲ್ಲಿಂದ ಇನ್ನೂರು ಬೆನ್ನುಗಳು ಕಾಣುತ್ತಿದ್ದರೆ ಕೈಯಲ್ಲಿರುವುದನ್ನು ಬಿಟ್ಟು ಇನ್ನೊಂದನ್ನು ಎಳೆಯುವ ಚಪಲ ತಪ್ಪುವುದಿಲ್ಲ. ಈಗ ಓದುತ್ತಿರುವುದು ಒಂದೆರಡು, ಮುಂದೆ ಓದಲಿರುವವು ಕೆಲವು, ನಡುವೆ ಒಂದು ಪುಟ ತಿರುವಿ ಹಾಕಲು ಕವಿತೆಯದೋ ಪ್ರಬಂಧದ್ದೋ ಒಂದೆರಡು, ಜೊತೆಗೊಂದು ನಿಘಂಟು.

ಗೋಡೆಗೆ ಹಲಗೆ ಹೊಡೆಸುವುದಾದರೆ ಭಾರವನ್ನು ಲೆಕ್ಕ ಹಾಕಿ. ಒಂದು ಮೀಟರ್ ಉದ್ದದ ಸಾಲಿನ ಪುಸ್ತಕಗಳು 20ರಿಂದ 30 ಕಿಲೋ ತೂಗುತ್ತವೆ. 18 ಮಿ.ಮೀ. ದಪ್ಪದ ಹಲಗೆಯನ್ನು ನಡುವೆ ಆಸರೆಯಿಲ್ಲದೆ 80 ಸೆಂ.ಮೀ.ಗಿಂತ ಉದ್ದ ಬಿಟ್ಟರೆ ವರ್ಷ ಕಳೆಯುವಷ್ಟರಲ್ಲಿ ಅದು ಮಧ್ಯದಲ್ಲಿ ಬಾಗುವ ಸಂಭವ ಹೆಚ್ಚು. ಕುಳಿತವರ ನೆತ್ತಿಯ ಮೇಲೆ ಭಾರದ ಹಲಗೆ ಬೇಡ. ಎತ್ತರದ ಕಪಾಟನ್ನು ಗೋಡೆಗೆ ಮೊಳೆಪಟ್ಟಿಯಿಂದ ಬಿಗಿಯುವುದನ್ನು ಮರೆಯಬಾರದು, ಮಕ್ಕಳಿರುವ ಮನೆಯಲ್ಲಂತೂ ಅದು ಕಡ್ಡಾಯ. ಮಕ್ಕಳಿಗೆ ಕಪಾಟಿನ ಅರೆಗಳು ಏಣಿಯ ಮೆಟ್ಟಿಲುಗಳಂತೆಯೇ ಕಾಣುತ್ತವೆ.

ಹೊರಗೋಡೆಗೆ ಅಂಟಿಸಿ ಕಪಾಟು ಇಡಬೇಡಿ, ಮೂರು ನಾಲ್ಕು ಸೆಂ.ಮೀ. ಬಿಟ್ಟು ಗಾಳಿಯಾಡಲು ಎಡೆ ಮಾಡಿ. ಗಾಳಿಯ ತೇವಾಂಶ ಶೇಕಡ 60ನ್ನು ಮೀರಿ ಬಹಳ ದಿನ ನಿಂತರೆ ಬೂಷ್ಟು ಬರುತ್ತದೆ, ಕಾಗದ ಮತ್ತು ಅಂಟು ತಿನ್ನುವ ಬೆಳ್ಳಿಬಣ್ಣದ ಸಣ್ಣ ಹುಳುಗಳೂ ತೇವಕ್ಕೇ ಬರುತ್ತವೆ. ಇದಕ್ಕೆ ನುಸಿಗುಳಿಗೆಗಳನ್ನು ತುಂಬಿಡುವವರಿದ್ದಾರೆ. ಗಂಟೆಗಟ್ಟಲೆ ಉಸಿರಾಡುತ್ತ ಕೂರುವ ಮೂಲೆಯಲ್ಲಿ ಆ ಆವಿ ಒಳ್ಳೆಯದಲ್ಲ. ಪುಸ್ತಕಗಳನ್ನು ಬಿಗಿಯಾಗಿ ತುರುಕದೆ ಸಡಿಲವಾಗಿ ನಿಲ್ಲಿಸಿ, ತಿಂಗಳಿಗೊಮ್ಮೆ ಹೊರತೆಗೆದು ಒಣಬಟ್ಟೆಯಿಂದ ಒರೆಸಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ. ಕಿಟಕಿಯ ಬೆಳಕು ಓದುಗರಿಗೆ ಹಿತ, ಪುಸ್ತಕಗಳಿಗೆ ಅಲ್ಲ: ಸಾಮಾನ್ಯ ಗಾಜು ನೇರಳಾತೀತ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ, ಅದರಿಂದ ರಕ್ಷಾಪುಟದ ಬಣ್ಣ ಮಾಸುತ್ತದೆ, ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ವಸ್ತು ಹಳದಿಗಟ್ಟುತ್ತದೆ. ಕುರ್ಚಿ ಕಿಟಕಿಯ ಬಳಿಗೆ, ಕಪಾಟು ಒಳಗೋಡೆಗೆ ಎಂದು ಹಂಚಿಕೊಳ್ಳಿ.

ಎಂಟನೆಯ ಹೆಜ್ಜೆ: ಮಕ್ಕಳಿದ್ದರೆ

ಅವರ ಮೂಲೆಯನ್ನು ಅವರ ಕಣ್ಣಿನ ಮಟ್ಟದಲ್ಲಿ ಕಟ್ಟಿ. ಅಕ್ಷರ ಬಾರದ ಮಗುವಿಗೆ ಪುಸ್ತಕದ ಬೆನ್ನು ಏನನ್ನೂ ಹೇಳುವುದಿಲ್ಲ, ಮುಖಪುಟ ಹೇಳುತ್ತದೆ; ಆದ್ದರಿಂದ ಮುಖಪುಟ ಕಾಣುವಂತೆ ಐದಾರು ಪುಸ್ತಕಗಳನ್ನು ತಗ್ಗಿನ ಹಲಗೆಯಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಬದಲಿಸಿ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲು ಜಾಗವಿರಲಿ, ಏಕೆಂದರೆ ಆ ವಯಸ್ಸಿನ ಓದು ಹೆಚ್ಚಾಗಿ ಕೇಳುವುದೇ ಆಗಿರುತ್ತದೆ. ದೀಪದ ತಂತಿ ಅವರ ಕಾಲಿಗೆ ಸಿಗದಂತೆ ಗೋಡೆಯ ಬುಡಕ್ಕೆ ಅಂಟಿಸಿ. ಜಮಖಾನದ ಕೆಳಗೆ ಮಾತ್ರ ಯಾರ ಮನೆಯಲ್ಲಿಯೂ ತಂತಿ ಹಾಯಿಸಬಾರದು: ತುಳಿದು ಸವೆದದ್ದು ಕಾಣುವುದಿಲ್ಲ, ಬಿಸಿಯಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಬೆಳಕು ಮೃದುವಾಗಲೆಂದು ಬಲ್ಬಿನ ಮೇಲೆ ಬಟ್ಟೆ ಹೊದಿಸುವುದೂ ಅಷ್ಟೇ ಅಪಾಯಕರ.

ಕೊನೆಯ ಹೆಜ್ಜೆ: ಅಲಂಕಾರ, ಮತ್ತು ಎರಡು ವಾರದ ಪರೀಕ್ಷೆ

ಅಲಂಕಾರದ ಬಗ್ಗೆ ನಾನು ಹೇಳಬೇಕಾದದ್ದು ಕಡಿಮೆ. ಗೋಡೆಯ ಬಣ್ಣ ತೀರ ಹೊಳೆಯದಿರಲಿ, ಹೊಳಪಿನ ಗೋಡೆ ದೀಪವನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಒಂದು ಗಿಡ, ನಿಮಗೆ ಪ್ರಿಯವಾದ ಒಂದು ಚಿತ್ರ, ಇಷ್ಟು ಸಾಕಾಗುತ್ತದೆ. ಗಿಡವನ್ನು ಪುಸ್ತಕದ ಹಲಗೆಯ ಮೇಲೆ ಇಡಬೇಡಿ, ನೀರೆರೆಯುವ ದಿನ ಅದರ ಕಾರಣ ತಿಳಿಯುತ್ತದೆ.

ಎಲ್ಲ ಅಣಿಯಾದ ಮೇಲೆ ಮತ್ತೆ ಅದೇ ಚೀಟಿಯನ್ನು ಕೈಗೆತ್ತಿಕೊಳ್ಳಿ. ಎರಡು ವಾರ ಅಲ್ಲಿಯೇ ಕುಳಿತು ಓದಿ, ಎದ್ದಾಗಲೆಲ್ಲ ಕಾರಣ ಬರೆಯಿರಿ. ಕುತ್ತಿಗೆ ಎಂದು ಹೆಚ್ಚು ಸಲ ಬಂದರೆ ಪುಸ್ತಕವನ್ನು ಏರಿಸುವ ದಿಂಬನ್ನು ದಪ್ಪ ಮಾಡಿ. ಸೊಂಟ ಎಂದು ಬಂದರೆ ಆಸನದ ಆಳವನ್ನು ತಗ್ಗಿಸಿ. ತೊಡೆ ಜೋಮು ಹಿಡಿಯುತ್ತಿದ್ದರೆ ಕಾಲ್ಮಣೆಯ ಎತ್ತರ ಬದಲಿಸಿ. ಕಣ್ಣು ಉರಿದರೆ ದೀಪವನ್ನು ಹತ್ತು ಸೆಂ.ಮೀ. ಸರಿಸಿ ಮರುದಿನ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಎಂಬುದು ಗೊತ್ತಾಗುವುದಿಲ್ಲ. ಎಲ್ಲವೂ ಹದಕ್ಕೆ ಬಂದ ದಿನ ಕುರ್ಚಿಯ ನಾಲ್ಕು ಕಾಲುಗಳಿಗೂ ದೀಪದ ಬುಡಕ್ಕೂ ನೆಲದ ಮೇಲೆ ಟೇಪಿನ ಚೂರುಗಳನ್ನು ಅಂಟಿಸಿಬಿಡಿ. ಗುಡಿಸಿ ಒರೆಸಿದ ಮೇಲೆ ಮನೆಯವರು ಯಾರೇ ಕುರ್ಚಿ ಇಟ್ಟರೂ ಅದು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.